ನಾಯಿಯ ಒಣ ಆಹಾರ ತಯಾರಿಕೆ: ನೀರು ಹೋದ ಮೇಲಿನ ಲೆಕ್ಕ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮನೆಗಳಿಗೆ ಒಣಗಿಸುವ ವಿದ್ಯೆ ಹೊಸದಲ್ಲ. ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು, ಉಪ್ಪಾಗೆ ಸಿಪ್ಪೆ, ಎಲ್ಲಕ್ಕೂ ಮಿಗಿಲಾಗಿ ಅಡಿಕೆ, ಇವೆಲ್ಲವೂ ನೀರನ್ನು ತೆಗೆದು ಸರಕನ್ನು ಕಾಯ್ದುಕೊಳ್ಳುವ ಉದ್ಯೋಗಗಳೇ ಆಗಿವೆ. ನಗರಗಳಲ್ಲಿ ಸಾಕುನಾಯಿಗಳಿಗೆ ಪೊಟ್ಟಣದ ಆಹಾರ ಕೊಳ್ಳುವ ರೂಢಿ ಬೆಳೆದಿರುವುದರಿಂದ, ಕೋಳಿಮಾಂಸ, ಸಿಹಿಗುಂಬಳ ಮೊದಲಾದವನ್ನು ಒಣಗಿಸಿ ಮಾರುವ ಯೋಚನೆ ಸಣ್ಣ ಉದ್ಯಮಿಗಳಿಗೆ ಬರುವುದು ಸಹಜ. ಅಡಿಕೆ ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದಿರುವ ಡ್ರೈಯರ್ ಈ ಯೋಚನೆಗೆ ಇನ್ನಷ್ಟು ಇಂಬು ಕೊಡುತ್ತದೆ.

ಡ್ರೈಯರ್ ವಿಷಯದಲ್ಲಿ ಮೊದಲೇ ಒಂದು ಎಚ್ಚರಿಕೆ ಅಗತ್ಯ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳುಗಳನ್ನು ಭೇದಿಯ ಮೂಲಕ ಹೊರಹಾಕಲು ಔಷಧವಾಗಿ ಕೊಡುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಹುಳುಬಾಧೆಯ ನಿಯಂತ್ರಣಕ್ಕಾಗಿ ಇದು ವ್ಯಾಪಕವಾಗಿ ಬಳಕೆಯಲ್ಲಿತ್ತು. ಆದ್ದರಿಂದ ಅಡಿಕೆ ಒಣಗಿಸಿದ ತಟ್ಟೆಯಲ್ಲೇ ನಾಯಿಯ ಆಹಾರವನ್ನು ಹರಡುವುದು ಸರಿಯಲ್ಲ. ಹಪ್ಪಳ ಮಾಡುವ ಅಡುಗೆಮನೆಯನ್ನೂ ಇದಕ್ಕೆ ಬಳಸತಕ್ಕದ್ದಲ್ಲ. ಮಾಂಸ ಒಳಗೆ ಬಾರದ ಮನೆಗಳು ಈ ತಾಲ್ಲೂಕುಗಳಲ್ಲಿ ಬಹಳವಿರುವುದರಿಂದ ಪ್ರತ್ಯೇಕ ಕೋಣೆ, ಪ್ರತ್ಯೇಕ ಪಾತ್ರೆ ಹೇಗೂ ಅನಿವಾರ್ಯ. ಆ ವೆಚ್ಚವನ್ನು ಬಂಡವಾಳದಲ್ಲಿ ತೋರಿಸಲು ಮರೆಯಬಾರದು.

ತಯಾರಿಕೆಯ ಕ್ರಮ ಸರಳವಾದರೂ ಒಂದು ಹಂತವನ್ನು ಬಿಡುವಂತಿಲ್ಲ. ಡ್ರೈಯರಿನ 55-60 ಡಿಗ್ರಿ ಸೆಲ್ಸಿಯಸ್ ಶಾಖ ನೀರನ್ನು ತೆಗೆಯುತ್ತದೆಯೇ ಹೊರತು ರೋಗಾಣುಗಳನ್ನು ನಂಬಿಕೆಗೆ ತಕ್ಕಂತೆ ಕೊಲ್ಲುವುದಿಲ್ಲ. ಮೇಲ್ಮೈ ಒಣಗಿದೊಡನೆ ಅವು ಶಾಖವನ್ನು ತಡೆದುಕೊಳ್ಳುವ ಶಕ್ತಿಯನ್ನೂ ಪಡೆಯುತ್ತವೆ. ಆದುದರಿಂದ ಕೋಳಿಮಾಂಸವು ಒಳಭಾಗದಲ್ಲಿ 74 ಡಿಗ್ರಿ ಮುಟ್ಟುವವರೆಗೆ ಮೊದಲು ಬೆಂದಿರಬೇಕು, ಅನಂತರ ತೆಳ್ಳಗೆ ಕತ್ತರಿಸಿ ಒಣಗಿಸಬೇಕು. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷಕಾರಿ. ಮಳೆಗಾಲದಲ್ಲಿ ಅರ್ಧ ಒಣಗಿದ ಹೊತ್ತಿಗೆ ವಿದ್ಯುತ್ ಹೋದರೆ ಆ ದಿನದ ಮಾಲು ಕೆಟ್ಟಂತೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಪ್ರಮಾಣದಲ್ಲಿ ಒಣಗಿಸುವುದು ಜಾಣತನ. ಆಗುಂಬೆಯ ಗಾಳಿಯಲ್ಲಿ ಒಂದು ರಾತ್ರಿ ತೆರೆದಿಟ್ಟ ಹಪ್ಪಳದ ಗತಿ ಏನಾಗುವುದೆಂದು ಎಲ್ಲರೂ ಬಲ್ಲರು. ಒಣ ಮಾಂಸವೂ ಹಾಗೆಯೇ ತೇವವನ್ನು ಹೀರಿಕೊಂಡು ಬೂಷ್ಟು ಹಿಡಿಯುತ್ತದೆ. ತಣಿದ ಕೂಡಲೇ ಗಾಳಿಯಾಡದ ಪೊಟ್ಟಣದಲ್ಲಿ ಮುಚ್ಚತಕ್ಕದ್ದು.

ಇನ್ನು ಲೆಕ್ಕದ ಮಾತು. ಹೊಸಬರು ಎಡವುವುದು ಇಲ್ಲಿಯೇ. ಮೂಳೆರಹಿತ ಕೋಳಿಮಾಂಸದಲ್ಲಿ ಸುಮಾರು ಶೇ. 75ರಷ್ಟು ನೀರಿರುತ್ತದೆ. 10 ಕೆ.ಜಿ. ಮಾಂಸದಲ್ಲಿ ಗಟ್ಟಿ ಪದಾರ್ಥವಿರುವುದು ಎರಡೂವರೆ ಕೆ.ಜಿ. ಮಾತ್ರ. ಶೇ. 10ರ ತೇವಾಂಶಕ್ಕೆ ಒಣಗಿಸಿದಾಗ ಸಿಗುವುದು 2.78 ಕೆ.ಜಿ.; ಬೇಯಿಸಿದ ನೀರಿನಲ್ಲಿ, ತಟ್ಟೆಯಲ್ಲಿ ಹೋಗುವುದನ್ನು ಕಳೆದರೆ 2.6 ಕೆ.ಜಿ. ಎಂದಿಟ್ಟುಕೊಳ್ಳಬಹುದು. ಶೇ. 92ರಷ್ಟು ನೀರಿರುವ ಸಿಹಿಗುಂಬಳದ 10 ಕೆ.ಜಿ.ಯಿಂದ ಒಂದು ಕೆ.ಜಿ. ಕೂಡ ದೊರೆಯದು.

ಉದಾಹರಣೆಗೆ, ಮಾಂಸದ ದರ ಕೆ.ಜಿ.ಗೆ ರೂ. 280 ಇದ್ದರೆ 10 ಕೆ.ಜಿ.ಗೆ ರೂ. 2,800. ಒಂದು ಕೆ.ಜಿ. ನೀರು ಆವಿಯಾಗಲು ಶಾಸ್ತ್ರದ ಪ್ರಕಾರ ಸುಮಾರು 0.65 ಯೂನಿಟ್ ವಿದ್ಯುತ್ ಸಾಕಾದರೂ ಸಣ್ಣ ಯಂತ್ರಗಳು ಅದರ ಇಮ್ಮಡಿಗೂ ಹೆಚ್ಚು ತಿನ್ನುತ್ತವೆ. 12 ಯೂನಿಟ್‌ಗೆ ರೂ. 8ರಂತೆ ರೂ. 96. ಕೂಲಿ ರೂ. 450. ನೂರು ಗ್ರಾಮಿನ 26 ಪೊಟ್ಟಣಗಳಿಗೆ ತಲಾ ರೂ. 12ರಂತೆ ರೂ. 312. ಒಟ್ಟು ರೂ. 3,658, ಅಂದರೆ ಪೊಟ್ಟಣವೊಂದಕ್ಕೆ ಸುಮಾರು ರೂ. 141. ಯಂತ್ರದ ಸವಕಳಿ, ಬಡ್ಡಿ, ಸಾಗಣೆ, ಮಾರಾಟವಾಗದೆ ಹಿಂದಿರುಗಿದ ಮಾಲು ಇದರಲ್ಲಿ ಸೇರಿಲ್ಲ.

ಇದರ ಮೇಲೆ ತೆರಿಗೆ ಬರುತ್ತದೆ. ಹಪ್ಪಳಕ್ಕೆ ಜಿ.ಎಸ್.ಟಿ. ಇಲ್ಲ, ಪಶು ಆಹಾರಕ್ಕೂ ಇಲ್ಲ. ಆದರೆ ಚಿಲ್ಲರೆ ಮಾರಾಟಕ್ಕೆ ಕಟ್ಟಿದ ನಾಯಿ ಆಹಾರಕ್ಕೆ ಶೇ. 18, 2025ರ ಸೆಪ್ಟೆಂಬರ್ 22ರ ದರ ಪರಿಷ್ಕರಣೆಯ ನಂತರವೂ ಅದು ಇಳಿಯಲಿಲ್ಲ. ಹಸಿ ಮಾಂಸಕ್ಕೆ ತೆರಿಗೆಯೇ ಇಲ್ಲದ ಕಾರಣ ದೊಡ್ಡ ಖರ್ಚಿನ ಮೇಲೆ ಹೂಡುವಳಿ ತೆರಿಗೆ ಜಮೆಯೂ ಸಿಗದು. ಮೇಲಿನ ಪೊಟ್ಟಣದ ಗರಿಷ್ಠ ಮಾರಾಟ ಬೆಲೆ ರೂ. 250 ಆದರೆ, ಅದರಲ್ಲಿ ತೆರಿಗೆ ರೂ. 38.14. ಉಳಿದ ರೂ. 211.86ರಲ್ಲಿ ಅಂಗಡಿಯವರಿಗೆ ಕಾಲು ಭಾಗ ಬಿಟ್ಟರೆ ತಯಾರಕರಿಗೆ ರೂ. 158.90. ಖರ್ಚು ಕಳೆದು ಉಳಿಯುವುದು ರೂ. 18 ಚಿಲ್ಲರೆ, ದಿನಕ್ಕೆ ರೂ. 473.

ವಾರ್ಷಿಕ ವಹಿವಾಟು ರೂ. 40 ಲಕ್ಷದೊಳಗಿದ್ದರೆ ನೋಂದಣಿಯೇ ಬೇಡವಲ್ಲ ಎಂಬ ಸಮಾಧಾನ ಹಲವರಿಗಿದೆ. ರಾಜ್ಯದೊಳಗೆ ಮಾತ್ರ ಮಾರುವವರಿಗೆ ಅದು ನಿಜ. ಗೋವಾಕ್ಕೋ ಮುಂಬಯಿಗೋ ಒಂದು ಪೊಟ್ಟಣ ಮಾರಿದರೂ ನೋಂದಣಿ ಕಡ್ಡಾಯ. ಆದರೆ ಬೆಂಗಳೂರಿನ ನೋಂದಾಯಿತ ಅಂಗಡಿಗೆ ಕೊಟ್ಟಾಗ ಆಗುವುದೇನು? ಆ ಅಂಗಡಿಯವರು ರೂ. 250ರಲ್ಲಿ ರೂ. 38.14ನ್ನು ಕಟ್ಟಲೇಬೇಕು, ಅದಕ್ಕೆ ಯಾವ ಜಮೆಯೂ ಇಲ್ಲ. ತಮ್ಮ ಕಾಲು ಭಾಗ ಉಳಿಸಿಕೊಳ್ಳಲು ಅವರು ತಯಾರಕರಿಗೆ ಕೊಡಬಹುದಾದ ಬೆಲೆ ಅದೇ ರೂ. 158.90! ತಪ್ಪಿತೆಂದುಕೊಂಡ ತೆರಿಗೆ ಬೆಲೆಯಲ್ಲಿ ಕಡಿತವಾಗಿರುತ್ತದೆ, ಜೊತೆಗೆ ಯಂತ್ರ ಮತ್ತು ಪೊಟ್ಟಣಗಳ ಮೇಲೆ ಕೊಟ್ಟ ತೆರಿಗೆ ಹಿಂದಿರುಗುವುದಿಲ್ಲ. ರಾಜಿ ತೆರಿಗೆಯವರ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ. ನೋಂದಣಿ ಇಲ್ಲದಿರುವುದರ ಲಾಭ ದೊರೆಯುವುದು ಸಾಗರ ಅಥವಾ ಶಿವಮೊಗ್ಗದ ನಾಯಿ ಸಾಕುವವರಿಗೆ ನೇರವಾಗಿ ಮಾರಿದಾಗ ಮಾತ್ರ. ಅಲ್ಲಿ ರೂ. 200ಕ್ಕೆ ಕೊಟ್ಟರೂ ಪೊಟ್ಟಣಕ್ಕೆ ರೂ. 59 ಉಳಿಯುತ್ತದೆ. ಸಂಖ್ಯೆ ಕಡಿಮೆಯಾದೀತು, ಹಣ ಕೂಡಲೇ ಕೈಸೇರುತ್ತದೆ.

ಪೊಟ್ಟಣದ ಮೇಲೆ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು-ವರ್ಷ, ತೆರಿಗೆ ಸೇರಿದ ಗರಿಷ್ಠ ಬೆಲೆ ಮತ್ತು ಗ್ರಾಹಕರ ದೂರಿಗೆ ಸಂಪರ್ಕ ಇರಬೇಕೆಂಬುದು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಆದೇಶ. ಪೊಟ್ಟಣ ಕಟ್ಟಲು ಆರಂಭಿಸಿದ 90 ದಿನಗಳೊಳಗೆ ಕಾನೂನುಮಾಪನ ಇಲಾಖೆಯಲ್ಲಿ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಎಫ್.ಎಸ್.ಎಸ್.ಎ.ಐ. ಪರವಾನಗಿ ಮನುಷ್ಯರ ಆಹಾರಕ್ಕೆ ಸಂಬಂಧಿಸಿದ್ದು. ಹಪ್ಪಳಕ್ಕೆ ಪಡೆದ ಸಂಖ್ಯೆಯನ್ನು ಇದರ ಮೇಲೆ ಅಚ್ಚು ಹಾಕಿಸಬಾರದು. ನಾಯಿ ಆಹಾರಕ್ಕೆ ಭಾರತೀಯ ಮಾನಕ ಐ.ಎಸ್. 11968 ಇದೆ. ಕೋಳಿಮಾಂಸವೊಂದನ್ನೇ ಒಣಗಿಸಿ ‘ಸಂಪೂರ್ಣ ಆಹಾರ’ ಎಂದು ಬರೆಯುವುದು ತಪ್ಪು. ಅದು ತಿನಿಸು ಮಾತ್ರ, ದಿನದ ಆಹಾರಶಕ್ತಿಯಲ್ಲಿ ಹತ್ತನೆಯ ಒಂದು ಪಾಲು ಮೀರಬಾರದೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಪೂರ್ಣ ಆಹಾರವನ್ನೇ ತಯಾರಿಸಬೇಕೆನ್ನುವವರು ಅಚ್ಚಿಗೆ ಕೊಡುವ ಮೊದಲು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ತಜ್ಞರನ್ನು ವಿಚಾರಿಸುವುದು ಒಳ್ಳೆಯದು.

ಪ್ರತಿದಿನ ಒಳಹೋದ ತೂಕ, ಹೊರಬಂದ ತೂಕ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. 10ಕ್ಕೆ 2.6 ಬರುತ್ತಿದ್ದುದು ಆಷಾಢದಲ್ಲಿ 3ಕ್ಕೆ ಏರಿದರೆ ಹಿಗ್ಗುವ ಕಾರಣವಿಲ್ಲ. ಆ ದಿನದ ಮಾಲು ಇನ್ನೂ ಒಣಗಿಲ್ಲ, ಪೊಟ್ಟಣ ಕಟ್ಟದೆ ಮತ್ತೆ ಡ್ರೈಯರಿಗೆ ಹಾಕಬೇಕು.