ಹಾಸಿಗೆ ಹಿಡಿದವರ ಆರೈಕೆ: ನಮಗೆ ಗೊತ್ತಿರೋ ಸೂತ್ರ, ಗೊತ್ತಿರದ ಪಾಠ

ಒತ್ತಡ ಅಂದ್ರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಇದನ್ನು ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಹಾಸಿಗೆ ಹಿಡಿದವರ ಮೈಯಲ್ಲಿ ಇದೇ ಸೂತ್ರ ಗಾಯ ಮಾಡುತ್ತೆ.

ಶಿಗ್ಗಾವಿ ತಾಲ್ಲೂಕಿನ ದುಂಡಸಿಯಂಥ ಊರಲ್ಲಿ ಯಾರಿಗಾದರೂ ಲಕ್ವಾ ಹೊಡೆದರೆ ಹುಬ್ಬಳ್ಳಿಗೆ ಕರ್ಕೊಂಡು ಹೋಗ್ತೀವಿ. ಡಿಸ್ಚಾರ್ಜ್ ಆದ ಮೇಲೆ ಫಿಸಿಯೋಥೆರಪಿಗೆ ಅಂತ ದಿನಾ ಅಷ್ಟು ದೂರ ಹೋಗೋದು ಕಷ್ಟ. ಹಾಗಾಗಿ ಮನೆಯವರೇ ಕಲಿಯಬೇಕು.

ಮಲಗೇ ಇದ್ದರೆ ಏನಾಗುತ್ತೆ? ಟೊಂಕ, ಹಿಮ್ಮಡಿಯಂಥ ಎಲುಬು ಎದ್ದ ಜಾಗದಲ್ಲಿ ವಿಸ್ತೀರ್ಣ ಕಡಿಮೆ, ಒತ್ತಡ ಜಾಸ್ತಿ. ಸಣ್ಣ ರಕ್ತನಾಳಗಳು ಮುಚ್ಚಿ ಚರ್ಮ ಸಾಯುತ್ತೆ. ಮೀನಖಂಡದ ಸ್ನಾಯು ಕಾಲಿನ ರಕ್ತವನ್ನು ಮೇಲೆತ್ತೋ ಪಂಪ್. ಅದು ನಿಂತರೆ ರಕ್ತ ಹೆಪ್ಪುಗಟ್ಟಬಹುದು. ಸ್ನಾಯು ಕರಗುತ್ತೆ, ಕೀಲು ಬಿಗಿಯುತ್ತೆ. ಗಗನಯಾತ್ರಿಗಳ ದೇಹ ಹೇಗೆ ಸೊರಗುತ್ತೆ ಅಂತ ತಿಳಿಯೋಕೆ ವಿಜ್ಞಾನಿಗಳು ಆರೋಗ್ಯವಂತರನ್ನೇ ತಲೆ 6 ಡಿಗ್ರಿ ಕೆಳಗಿರುವಂತೆ ವಾರಗಟ್ಟಲೆ ಮಲಗಿಸಿ ನೋಡಿದ್ದಾರೆ. ಅವರಿಗೂ ಸ್ನಾಯು, ಎಲುಬು ಸವೆದವು.

ಮನೆಯಲ್ಲಿ ಮಾಡಬೇಕಾದ್ದು:

1. ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೀಬಾರದು, ಎತ್ತಿ ಹೊರಳಿಸಬೇಕು. ಎಳೆದರೆ ಚರ್ಮ ಕೀಳುತ್ತೆ.

2. ಮೀನಖಂಡದ ಉದ್ದಕ್ಕೂ ಮಡಿಸಿದ ಕೌದಿ ಇಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ನಡುವೆ ತೂತಿರೋ ಉಂಗುರದ ದಿಂಬು ಬೇಡ. ಅದರ ಅಂಚಲ್ಲೇ ಒತ್ತಡ ಹೆಚ್ಚುತ್ತೆ.

3. ದಿನಾ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿದಾಗ ಬಿಳುಚದಿದ್ದರೆ ಹುಣ್ಣು ಶುರುವಾಗಿದೆ ಅಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣೋದಿಲ್ಲ. ಬಿಸಿ, ಗಟ್ಟಿತನ ಮುಟ್ಟಿ ನೋಡಬೇಕು. ಆ ಜಾಗ ತಿಕ್ಕಬೇಡಿ.

4. ಪಾದ, ಮೊಣಕಾಲು, ಮೊಣಕೈ, ಬೆರಳುಗಳನ್ನು ನಿಧಾನ ಮಡಿಸಿ ಬಿಡಿಸಿ. ನೋವಾದರೆ ನಿಲ್ಲಿಸಿ. ಲಕ್ವಾ ಹೊಡೆದ ಕೈ ಹಿಡಿದು ಎಬ್ಬಿಸಬೇಡಿ, ಭುಜದ ಕೀಲು ಜಾರಬಹುದು.

5. ಡಾಕ್ಟರ್ ಒಪ್ಪಿದ ಮೇಲೆ ಹಂತ ಹಂತವಾಗಿ ಕೂರಿಸಿ. ಒಮ್ಮೆಲೇ ಎಬ್ಬಿಸಿದರೆ ಬಿಪಿ ಇಳಿದು ತಲೆ ಸುತ್ತುತ್ತೆ.

ಒಂದೇ ಕಾಲು ಊದಿ, ಬಿಸಿಯಾಗಿ ನೋಯ್ತಿದ್ದರೆ ಎಣ್ಣೆ ಹಚ್ಚಿ ತಿಕ್ಕಲೇಬೇಡಿ. ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈ ಕೆಲಸವೆಲ್ಲ ಹೆಚ್ಚಾಗಿ ಮನೆಯ ಒಬ್ಬ ಹೆಣ್ಣುಮಗಳ ಮೇಲೇ ಬೀಳುತ್ತೆ. ರಾತ್ರಿಯೂ ಎದ್ದು ಹೊರಳಿಸಿ, ಬೆಳಿಗ್ಗೆ ಹೊಲಕ್ಕೂ ಅವರೇ ಹೋಗಬೇಕು. ರಜೆಗೆ ಊರಿಗೆ ಹೋದಾಗ ನಾವು ಗೋಡೆಗೊಂದು ವೇಳಾಪಟ್ಟಿ ಅಂಟಿಸಿ, ಅದರಲ್ಲಿ ನಮ್ಮ ಹೆಸರನ್ನೂ ಬರೆಯೋಣ. ಡಿಸ್ಚಾರ್ಜ್ ದಿನ ಫಿಸಿಯೋಥೆರಪಿಸ್ಟ್ ತೋರಿಸೋ ವ್ಯಾಯಾಮವನ್ನು, ಅವರನ್ನು ಕೇಳಿ, ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳೋಣ.