ಕಂಪ್ಯೂಟರಿನಲ್ಲಿ ನಮ್ಮ ಪ್ರೊಫೈಲು ಪದೇ ಪದೇ ಕೆಡುವುದೇಕೆ?

ನಮ್ಮ ವಾಚನಾಲಯಕ್ಕೆ ಸಂಜೆ ಹೊತ್ತು ಬರುವವರಲ್ಲಿ ಹೆಚ್ಚಿನವರು ಗಿರಣಿ, ಗೋದಾಮು, ಸಾಗಾಣಿಕೆ ಕಚೇರಿ ಮುಂತಾದ ಕಡೆಗಳಲ್ಲಿ ದುಡಿಯುವವರು. ಇವರಲ್ಲಿ ಗುಮಾಸ್ತೆ ಕೆಲಸದವರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದುಂಟು: “ನಿನ್ನೆ ಇದ್ದ ಫೈಲುಗಳು ಇವತ್ತು ಕಾಣುವುದಿಲ್ಲ. ಡೆಸ್ಕ್‌ಟಾಪು ಹೊಸ ಮೆಷೀನಿನಂತೆ ಬರಿದಾಗಿದೆ. ರಿಪೇರಿಯವರು ಸರಿಮಾಡಿ ಹೋದರೂ ವಾರದೊಳಗೆ ಮತ್ತೆ ಅದೇ ಗತಿ. ಇದಕ್ಕೆ ಮದ್ದಿಲ್ಲವೇ?” ಮದ್ದು ಇದೆ. ಆದರೆ ಮದ್ದಿಗಿಂತ ಮುಂಚೆ ರೋಗದ ಮೂಲವನ್ನು ತಿಳಿಯಬೇಕು. ಈ ಪಾಠದಲ್ಲಿ ಅದನ್ನು ಕ್ರಮವಾಗಿ ವಿವರಿಸಲು ಪ್ರಯತ್ನಿಸುತ್ತೇವೆ.

ಇದು ಸಣ್ಣ ವಿಷಯವೆಂದು ಯಾರೂ ಎಣಿಸಬಾರದು. ತಿಂಗಳ ಸಂಬಳ 7ನೆಯ ತಾರೀಖಿನೊಳಗೆ ಕೈಸೇರಬೇಕು. ಪ್ರಾವಿಡೆಂಟ್ ಫಂಡಿನ ಹಣವನ್ನು 15ನೆಯ ತಾರೀಖಿನೊಳಗೆ ಕಟ್ಟಬೇಕು. ಹಾಜರಿ ಪಟ್ಟಿ ಡೆಸ್ಕ್‌ಟಾಪಿನಿಂದ ಮಾಯವಾದರೆ ಓವರ್‌ಟೈಮಿನ ಲೆಕ್ಕ ತಪ್ಪುತ್ತದೆ. ಊರಿಗೆ ಹಣ ಕಳುಹಿಸಬೇಕಾದ ಕೂಲಿಯವನು ಕಾಯಬೇಕಾಗುತ್ತದೆ. ಇತ್ತ ಗುಮಾಸ್ತನ ಮೇಲೆ “ನೀನೇ ಅಳಿಸಿದ್ದೀಯೆ” ಎಂಬ ಅಪವಾದ ಬರುತ್ತದೆ. ಯಂತ್ರದ ದೋಷ ಯಾವುದು, ಮನುಷ್ಯನ ದೋಷ ಯಾವುದು ಎಂದು ತೋರಿಸಿಕೊಡಬಲ್ಲವನಿಗೆ ಈ ಅಪವಾದದ ಭಯವಿಲ್ಲ.

ಪ್ರೊಫೈಲು ಎಂದರೇನು?

ಗಿರಣಿಯ ಉದಾಹರಣೆಯಿಂದಲೇ ಹೇಳುತ್ತೇವೆ. ಪ್ರತಿಯೊಬ್ಬ ಕೆಲಸಗಾರನಿಗೂ ಒಂದು ಟಿಕೆಟ್ ನಂಬರು, ತನ್ನದೇ ಆದ ಒಂದು ಪೆಟ್ಟಿಗೆ. ಯಾವ ನಂಬರಿಗೆ ಯಾವ ಪೆಟ್ಟಿಗೆ ಎಂಬುದು ಟೈಂ ಆಫೀಸಿನ ರಿಜಿಸ್ಟರಿನಲ್ಲಿರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿಯೂ ಇದೇ ಏರ್ಪಾಡು. ‘ಸಿ’ ಡ್ರೈವಿನ ‘ಯೂಸರ್ಸ್’ ಫೋಲ್ಡರಿನೊಳಗೆ ತಮ್ಮ ಹೆಸರಿನ ಫೋಲ್ಡರು ಇದೆಯಲ್ಲ, ಅದೇ ಪೆಟ್ಟಿಗೆ. ‘ಎಸ್-1-5-21’ ಎಂದು ಮೊದಲಾಗುವ ಉದ್ದನೆಯ ಗುರುತಿನ ಸಂಖ್ಯೆಯೇ ಟಿಕೆಟ್ ನಂಬರು. ಇವೆರಡನ್ನೂ ಜೋಡಿಸುವ ರಿಜಿಸ್ಟರಿಗೆ ‘ಪ್ರೊಫೈಲ್ ಲಿಸ್ಟ್’ ಎಂದು ಹೆಸರು.

ಪೆಟ್ಟಿಗೆಯೊಳಗೆ ‘ಎನ್‌ಟಿಯೂಸರ್ ಡಾಟ್ ಡ್ಯಾಟ್’ ಎಂಬ ಅಡಗಿಸಿಟ್ಟ ಫೈಲು ಒಂದಿದೆ. ತಮ್ಮ ಪ್ರಿಂಟರು ಯಾವುದು, ಪರದೆಯ ಬಣ್ಣ ಯಾವುದು, ಕೀಲಿಮಣೆಯಲ್ಲಿ ಕನ್ನಡ ಇದೆಯೋ ಇಲ್ಲವೋ ಎಂಬುದೆಲ್ಲ ಇದರಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಗುಪ್ತಪದ ಕೊಟ್ಟೊಡನೆ ಯಂತ್ರವು ಈ ಫೈಲನ್ನು ತೆರೆಯುತ್ತದೆ; ಸಂಜೆ ಸೈನ್ ಔಟ್ ಮಾಡಿದಾಗ ಮುಚ್ಚುತ್ತದೆ. ದಿನವಿಡೀ ಅದು ತೆರೆದೇ ಇರುತ್ತದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಫೈಲನ್ನು ತೆರೆಯಲಾಗದಿದ್ದರೆ ಯಂತ್ರವು ತಮಗೆ ಬದಲಿ ಕೆಲಸಗಾರನ ಪೆಟ್ಟಿಗೆಯನ್ನು ಕೊಡುತ್ತದೆ. ಇದೇ ತಾತ್ಕಾಲಿಕ ಪ್ರೊಫೈಲು. ಪಾಳಿ ಮುಗಿದೊಡನೆ ಬದಲಿಯವನ ಪೆಟ್ಟಿಗೆಯನ್ನು ಗುಡಿಸಿ ಖಾಲಿ ಮಾಡುವಂತೆ, ಸೈನ್ ಔಟ್ ಮಾಡಿದೊಡನೆ ಇದರಲ್ಲಿ ಉಳಿಸಿದ್ದೆಲ್ಲ ಅಳಿದುಹೋಗುತ್ತದೆ. ನಿಜವಾದ ನಷ್ಟ ಆಗುವುದು ಇಲ್ಲಿಯೇ. ಹಳೆಯ ಫೈಲುಗಳು ಸಾಮಾನ್ಯವಾಗಿ ಮೊದಲಿನ ಪೆಟ್ಟಿಗೆಯಲ್ಲಿ ಕ್ಷೇಮವಾಗಿಯೇ ಇರುತ್ತವೆ. ಕಳೆದುಹೋಗುವುದು ಅಂದಿನ ದಿನದ ದುಡಿಮೆ.

ಆದಕಾರಣ ಡೆಸ್ಕ್‌ಟಾಪು ಬರಿದಾಗಿ ಕಂಡರೆ ಮೊದಲು ಮಾಡತಕ್ಕದ್ದು ಇಷ್ಟು: ಹೊಸದಾಗಿ ಏನನ್ನೂ ಬರೆಯಬೇಡಿರಿ. ಬರೆದಿದ್ದರೆ ಸೈನ್ ಔಟ್ ಮಾಡುವ ಮುಂಚೆ ಅದನ್ನು ಕಚೇರಿಯ ಸರ್ವರಿಗೋ ‘ಡಿ’ ಡ್ರೈವಿಗೋ ನಕಲು ಮಾಡಿರಿ. ಅನಂತರ ಒಂದು ಸಲ ರೀಸ್ಟಾರ್ಟ್ ಮಾಡಿರಿ. ಷಟ್‌ಡೌನ್ ಮಾಡಿ ಮತ್ತೆ ಹಚ್ಚುವುದಕ್ಕಿಂತ ಇದು ಮೇಲು. ಏಕೆಂದರೆ ಈಚಿನ ವಿಂಡೋಸಿನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದ್ದು, ಷಟ್‌ಡೌನಿನಲ್ಲಿ ಯಂತ್ರ ಪೂರ್ತಿ ಹೊಸದಾಗಿ ಏಳುವುದಿಲ್ಲ. ಬೇರೆ ಯಾವುದೋ ಪ್ರೋಗ್ರಾಮು ಫೈಲನ್ನು ಹಿಡಿದುಕೊಂಡಿದ್ದರಿಂದಷ್ಟೇ ತೊಂದರೆಯಾಗಿದ್ದರೆ ಇಷ್ಟರಲ್ಲಿಯೇ ಸರಿಹೋಗುತ್ತದೆ.

ಆಳನ್ನು ಹಿಂಬಾಲಿಸುತ್ತದೆಯೋ, ಯಂತ್ರವನ್ನೋ?

ಒಂದು ಸಲ ಕೆಟ್ಟರೆ ಆಕಸ್ಮಿಕ. ಪದೇ ಪದೇ ಕೆಟ್ಟರೆ ಕಾರಣವಿದ್ದೇ ತೀರಬೇಕು. ಅದನ್ನು ಕಂಡುಹಿಡಿಯಲು ಒಂದು ನೋಟ್‌ಬುಕ್ಕು ಸಾಕು. ತಾರೀಖು, ವೇಳೆ, ಯಾವ ಯಂತ್ರ, ಯಾರ ಹೆಸರು, ಹಿಂದಿನ ಸಂಜೆ ಏನಾಯಿತು — ಈ ಐದನ್ನು ಪ್ರತಿ ಸಲವೂ ಬರೆಯಿರಿ. ನಾಲ್ಕಾರು ಸಲ ಬರೆದ ಮೇಲೆ ಮೂರು ದಾರಿಗಳಲ್ಲಿ ಒಂದು ತಾನಾಗಿ ತೋರುತ್ತದೆ.

ಮೊದಲನೆಯದು, ಒಂದೇ ಯಂತ್ರದಲ್ಲಿ ಕುಳಿತವರೆಲ್ಲರ ಪ್ರೊಫೈಲೂ ಕೆಡುತ್ತಿದ್ದರೆ ದೋಷ ಆ ಯಂತ್ರದ್ದು. ಡಿಸ್ಕಿನಲ್ಲಿಯೋ ವಿದ್ಯುತ್ತಿನಲ್ಲಿಯೋ ಹುಡುಕಬೇಕು. ಎರಡನೆಯದು, ಒಬ್ಬನೇ ವ್ಯಕ್ತಿ ಯಾವ ಯಂತ್ರದಲ್ಲಿ ಕುಳಿತರೂ ಕೆಡುತ್ತಿದ್ದರೆ ದೋಷ ಸರ್ವರಿನಲ್ಲಿರುವ ಅವನ ಪ್ರೊಫೈಲಿನದು. ಮೂರನೆಯದು, ಒಂದೇ ಯಂತ್ರದಲ್ಲಿ ಒಬ್ಬನದು ಮಾತ್ರ ಕೆಡುತ್ತಿದ್ದರೆ ರಿಜಿಸ್ಟರಿನ ನಮೂದೋ ಅವನ ಫೈಲೋ ಹಾಳಾಗಿದೆ.

ಯಂತ್ರ ತಾನೇ ಬರೆದಿಟ್ಟ ದಿನಚರಿಯೂ ಒಂದಿದೆ; ‘ಈವೆಂಟ್ ವ್ಯೂವರ್’ ಎಂದು ಅದರ ಹೆಸರು. ಅದರ ‘ಅಪ್ಲಿಕೇಷನ್’ ವಿಭಾಗದಲ್ಲಿ 1511 ಎಂದಿದ್ದರೆ ತಾತ್ಕಾಲಿಕ ಪ್ರೊಫೈಲು ಕೊಡಲಾಯಿತೆಂದು ಅರ್ಥ; 1515 ಎಂದರೆ ಹಳೆಯ ನಮೂದನ್ನು ಬದಿಗಿಡಲಾಯಿತೆಂದು; 1530 ಎಂದರೆ ಸೈನ್ ಔಟ್ ಆಗುವಾಗ ಬೇರೆ ಯಾವುದೋ ಪ್ರೋಗ್ರಾಮು ಫೈಲನ್ನು ಬಿಡದೆ ಹಿಡಿದಿತ್ತೆಂದು. ‘ಸಿಸ್ಟಮ್’ ವಿಭಾಗದಲ್ಲಿ 41 ಅಥವಾ 6008 ಕಂಡರೆ ಯಂತ್ರವು ಕ್ರಮವಾಗಿ ಮುಚ್ಚದೆ ನಿಂತುಹೋಯಿತೆಂದು ತಿಳಿಯಬೇಕು. ಅಲ್ಲಿ ಡಿಸ್ಕಿನ ಹೆಸರಿನಲ್ಲಿ 7 ಅಥವಾ 153, ಎನ್‌ಟಿಎಫ್‌ಎಸ್ ಹೆಸರಿನಲ್ಲಿ 55 ಇದ್ದರೆ ಡಿಸ್ಕಿನ ಮೇಲೆ ಸಂಶಯಪಡಬೇಕು. ನೋಟ್‌ಬುಕ್ಕಿನ ವೇಳೆಗೂ ಇದರ ವೇಳೆಗೂ ತಾಳೆ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಸಾಮಾನ್ಯ ಕಾರಣಗಳು

ವಿದ್ಯುತ್ತು ಹೋಗುವುದು ನಮ್ಮೂರಿಗೆ ಹೊಸತಲ್ಲ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಬೀಸಿದಾಗಲೂ, 2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್‌ನ ಮಳೆ ಸುರಿದಾಗಲೂ ಚೆನ್ನೈಯ ಎಷ್ಟೋ ಬಡಾವಣೆಗಳು ಕತ್ತಲಲ್ಲಿದ್ದುದನ್ನು ವಾಚಕರು ಮರೆತಿರಲಾರರು. ಆದರೆ ಅಂಥ ದೊಡ್ಡ ವಿಪತ್ತಿಗಿಂತ ದಿನನಿತ್ಯದ ಕ್ಷಣಮಾತ್ರದ ಕಡಿತವೇ ಹೆಚ್ಚು ಕೇಡು ಮಾಡುತ್ತದೆ. ತೆರೆದಿರುವ ಫೈಲಿಗೆ ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಬರಹ ಅರ್ಧಕ್ಕೆ ನಿಲ್ಲುತ್ತದೆ. ಇದನ್ನು ಸರಿಪಡಿಸಿಕೊಳ್ಳಲು ಯಂತ್ರದಲ್ಲಿ ಲಾಗ್ ಫೈಲು ಇದೆ. ಆದರೆ ಡಿಸ್ಕು ಹಳೆಯದಾಗಿದ್ದರೆ ಅದೂ ಕೈಕೊಡುತ್ತದೆ. ಯುಪಿಎಸ್ ಇದ್ದ ಮಾತ್ರಕ್ಕೆ ಸಾಲದು. ನಮ್ಮ ಸೆಕೆಗೆ ಅದರ ಬ್ಯಾಟರಿ ಮೂರು ನಾಲ್ಕು ವರ್ಷಗಳಲ್ಲಿಯೇ ಸೋಲಬಹುದು. ಸಂಜೆ ಬಸ್ಸಿನ ಅವಸರದಲ್ಲಿ ಗೋಡೆಯ ಸ್ವಿಚ್ಚನ್ನೇ ಆರಿಸುವ ಅಭ್ಯಾಸವೂ ಇದೇ ಜಾತಿಯದು.

ಡಿಸ್ಕು ತುಂಬಿಹೋಗಿದ್ದರೂ ಪ್ರೊಫೈಲನ್ನು ಸರಿಯಾಗಿ ಬರೆಯಲಾಗುವುದಿಲ್ಲ. ವೈರಸ್ ತಡೆಯುವ ಪ್ರೋಗ್ರಾಮು ಒಂದಕ್ಕಿಂತ ಹೆಚ್ಚಿದ್ದರೆ ಅವು ಫೈಲನ್ನು ಹಿಡಿದುಕೊಳ್ಳಬಹುದು. ಒಂದನ್ನು ಮಾತ್ರ ಇಟ್ಟುಕೊಳ್ಳಬೇಕು.

ದೊಡ್ಡ ಕಚೇರಿಗಳಲ್ಲಿ ಪ್ರೊಫೈಲು ಸರ್ವರಿನಲ್ಲಿದ್ದು, ಬೆಳಿಗ್ಗೆ ಯಂತ್ರಕ್ಕೆ ಬಂದು ಸಂಜೆ ಮರಳುತ್ತದೆ. ಒಬ್ಬನೇ ಎರಡು ಯಂತ್ರಗಳಲ್ಲಿ ಏಕಕಾಲಕ್ಕೆ ಸೈನ್ ಇನ್ ಆಗಿದ್ದರೆ, ಕೊನೆಗೆ ಸೈನ್ ಔಟ್ ಆದ ಯಂತ್ರದ ಪ್ರತಿಯೇ ಮೊದಲಿನದನ್ನು ಅಳಿಸಬಹುದು. ಆದುದರಿಂದ ಒಂದು ಗುಪ್ತಪದವನ್ನು ಇಬ್ಬರು ಮೂವರು ಹಂಚಿಕೊಳ್ಳುವ ಪದ್ಧತಿ ಹೋಗಬೇಕು.

ಇನ್ನೊಂದು ಕಾರಣ ರಿಪೇರಿಯ ಆತುರ. ಕೆಟ್ಟ ಪ್ರೊಫೈಲಿನ ಫೋಲ್ಡರನ್ನು ‘ಯೂಸರ್ಸ್’ನಿಂದ ಅಳಿಸಿಬಿಟ್ಟರೆ ಪೆಟ್ಟಿಗೆ ಹೋಯಿತು, ರಿಜಿಸ್ಟರಿನ ನಮೂದು ಉಳಿಯಿತು. ಯಂತ್ರ ಪ್ರತಿದಿನವೂ ಇಲ್ಲದ ಪೆಟ್ಟಿಗೆಯನ್ನು ಹುಡುಕಿ, ಸಿಗದೆ, ಬದಲಿ ಪೆಟ್ಟಿಗೆಯನ್ನೇ ಕೊಡುತ್ತದೆ. ಒಳಗಿನ ಫೈಲುಗಳನ್ನು ನಕಲು ಮಾಡಿಟ್ಟುಕೊಂಡು, ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ನಲ್ಲಿರುವ ‘ಯೂಸರ್ ಪ್ರೊಫೈಲ್ಸ್’ ಎಂಬಲ್ಲಿಂದಲೇ ಅಳಿಸತಕ್ಕದ್ದು.

ದುರಸ್ತಿಯ ಕ್ರಮ

ಇದನ್ನು ಅಧಿಕಾರವುಳ್ಳ ಅಡ್ಮಿನಿಸ್ಟ್ರೇಟರೇ ಮಾಡಬೇಕು. ಗುಮಾಸ್ತರು ತಾವಾಗಿ ಕೈಹಾಕಬಾರದು. ಆದರೆ ಕ್ರಮ ತಿಳಿದಿರುವುದು ಒಳ್ಳೆಯದು. ಮೊದಲು ಬೇರೆ ಹೆಸರಿನಲ್ಲಿ ಒಳಹೊಕ್ಕು ಕೆಟ್ಟ ಪ್ರೊಫೈಲಿನ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಬೇಕು. ಅನಂತರ ‘ಚೆಕ್‌ಡಿಸ್ಕ್’ನಿಂದ ಡಿಸ್ಕನ್ನು ಪರೀಕ್ಷಿಸಬೇಕು. ಡಿಸ್ಕೇ ಕೆಟ್ಟಿದ್ದರೆ ಬೇರೆ ಯಾವ ದುರಸ್ತಿಯೂ ನಿಲ್ಲದು; ರಿಚಿ ಸ್ಟ್ರೀಟಿನಿಂದ ಹೊಸ ಎಸ್‌ಎಸ್‌ಡಿ ತರಿಸುವುದೇ ಉತ್ತಮ.

ಡಿಸ್ಕು ಸರಿಯಾಗಿದ್ದರೆ ರಿಜಿಸ್ಟ್ರಿಯಲ್ಲಿ ‘ಪ್ರೊಫೈಲ್ ಲಿಸ್ಟ್’ ನೋಡಬೇಕು. ಒಂದೇ ಗುರುತಿನ ಸಂಖ್ಯೆ ಎರಡು ಸಲ ಇದ್ದು, ಒಂದರ ಬಾಲಕ್ಕೆ ‘ಡಾಟ್ ಬ್ಯಾಕ್’ ಎಂದಿದ್ದರೆ ಅದೇ ನಿಜವಾದ ಹಳೆಯ ನಮೂದು. ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಂಡು, ಬಾಲವಿಲ್ಲದ್ದಕ್ಕೆ ಬೇರೆ ಹೆಸರಿಟ್ಟು, ಬಾಲವಿದ್ದುದರ ಬಾಲ ತೆಗೆದು, ಅದರೊಳಗಿನ ‘ಸ್ಟೇಟ್’ ಮತ್ತು ‘ರೆಫ್‌ಕೌಂಟ್’ ಎಂಬುವು ಇದ್ದರೆ ಅವನ್ನು 0 ಮಾಡಿ ರೀಸ್ಟಾರ್ಟ್ ಮಾಡಬೇಕು.

ಇಷ್ಟಾದರೂ ಮತ್ತೆ ಕೆಟ್ಟರೆ ಹೊಸ ಪ್ರೊಫೈಲೇ ಗತಿ. ಹಳೆಯದರಿಂದ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಮುಂತಾದ ಫೋಲ್ಡರುಗಳನ್ನು ಮಾತ್ರ ತರಬೇಕು. ‘ಎನ್‌ಟಿಯೂಸರ್’ ಎಂದು ಮೊದಲಾಗುವ ಯಾವ ಫೈಲನ್ನೂ ತರಕೂಡದು. ತಂದರೆ ರೋಗವನ್ನೇ ಹೊಸ ಮನೆಗೆ ಹೊತ್ತು ತಂದಂತೆ. ಹೊಸ ಪ್ರೊಫೈಲಿನಲ್ಲಿ ಕನ್ನಡ ಕೀಲಿಮಣೆಯನ್ನು ಭಾಷೆಯ ಸೆಟ್ಟಿಂಗಿನಲ್ಲಿ ಮತ್ತೆ ಸೇರಿಸಬೇಕಾದೀತು. ತಮ್ಮೊಬ್ಬರ ಹೆಸರಿಗೆ ಮಾತ್ರ ಹಾಕಿಕೊಂಡಿದ್ದ ಕನ್ನಡ ಅಕ್ಷರಗಳ ಫಾಂಟುಗಳೂ ಹಳೆಯ ಪ್ರೊಫೈಲಿನಲ್ಲಿಯೇ ಉಳಿದಿರುತ್ತವೆ. ಹೊಸದರಲ್ಲಿ ಪುನಃ ಹಾಕಿಕೊಳ್ಳಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರವನ್ನೇ ಮತ್ತೆ ಮತ್ತೆ ರಿಪೇರಿ ಮಾಡಿಸುವ ಕಚೇರಿಗಳು ಈ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಉಚಿತ.

ಕೊನೆಯದಾಗಿ, ಗುಮಾಸ್ತ ಬಂಧುಗಳು ಮೂರು ನಿಯಮಗಳನ್ನು ಪಾಲಿಸಿದರೆ ಸಾಕು. ಹಾಜರಿ, ಸಂಬಳದ ಫೈಲುಗಳನ್ನು ಡೆಸ್ಕ್‌ಟಾಪಿನಲ್ಲಿಡದೆ ಕಚೇರಿ ಗೊತ್ತುಮಾಡಿದ ಸ್ಥಳದಲ್ಲಿಡಿರಿ. ಸೈನ್ ಔಟ್ ಪೂರ್ತಿಯಾಗುವವರೆಗೆ ಕಾದು ಅನಂತರ ಸ್ವಿಚ್ಚು ಆರಿಸಿರಿ. ಕೆಟ್ಟಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಿರಿ. ‘ನಾನು ಅಳಿಸಿಲ್ಲ’ ಎಂಬ ಬರಿಯ ಮಾತಿಗೆ ಸಿಗದ ಬೆಲೆ, ತಾರೀಖು ಸಮೇತ ಬರೆದ ಒಂದು ಪುಟಕ್ಕೆ ಸಿಗುತ್ತದೆ. ಸಂಶಯವುಳ್ಳವರು ಆ ನೋಟ್‌ಬುಕ್ಕನ್ನು ವಾಚನಾಲಯಕ್ಕೆ ತಂದರೆ ಒಟ್ಟಿಗೆ ಕುಳಿತು ನೋಡೋಣ. ಕಚೇರಿಯ ಗುಪ್ತಪದವನ್ನು ಮಾತ್ರ ಯಾರಿಗೂ ಹೇಳಬೇಡಿರಿ, ನಮಗೂ ಸಹ.