ಗೇರ್‌ಬಾಕ್ಸ್ ಇಳಿಸುವ ಮುನ್ನ

ಅಳಿಯಾ, ಫೋನಿನಲ್ಲಿ ನೀನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಲಿವರನ್ನು ‘ಡಿ’ಗೆ ಹಾಕಿದರೆ ಪಿಕಪ್ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಧಡ್ ಅಂತ ಹಿಡಿಯುತ್ತದೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಜರ್ಕ್ ಹೊಡೆಯುತ್ತದೆ. ಗ್ಯಾರೇಜಿನವರು ಗೇರ್‌ಬಾಕ್ಸ್ ಇಳಿಸಲೇಬೇಕು ಅನ್ನುತ್ತಿದ್ದಾರೆ. ಇನ್ನೂ ಹೂಂ ಅನ್ನಬೇಡ. ಸುದ್ದಗುಂಟೆಪಾಳ್ಯದ ಈ ಗಲ್ಲಿಯಲ್ಲಿ ಗಾಡಿಗಳ ಕೆಳಗೆ ಮಲಗಿಯೇ ನನ್ನ ಆಯಸ್ಸು ಕಳೆದಿದೆ. ಇಳಿಸುವ ಅಗತ್ಯವೇ ಇಲ್ಲದ ಗೇರ್‌ಬಾಕ್ಸ್‌ಗಳನ್ನು ಜನ ಇಳಿಸಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ನೀನು ಸೆಕೆಂಡ್ ಹ್ಯಾಂಡ್ ಗಾಡಿಗೆ ಸಾಲ ಮಾಡಿದ್ದೀಯ, ನರ್ಸರಿಯ ದುಡಿಮೆಯೆಲ್ಲ ಅದರ ಮೇಲೇ ನಿಂತಿದೆ. ಆ ಕಾಳಜಿಗೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ತೊಂದರೆ ಯಾವಾಗ ಬರುತ್ತದೆ ಅನ್ನುವುದನ್ನು ಮೊದಲು ಗಮನಿಸು. ಬೆಳಗ್ಗೆ ತಣ್ಣಗಿರುವಾಗ ಮಾತ್ರವೋ, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಒಂದು ಗಂಟೆ ನಿಂತು ಬಿಸಿಯಾದ ಮೇಲೋ? ‘ಡಿ’ಯಲ್ಲಿ ಮಾತ್ರವೋ, ರಿವರ್ಸ್‌ನಲ್ಲೂ ಹೀಗೆಯೋ? ಖಾಲಿ ಇದ್ದಾಗಲೋ, ಸಸಿ, ಗೊಬ್ಬರದ ಮೂಟೆ ಹೇರಿದಾಗಲೋ? ಒಂದು ಚೀಟಿಯಲ್ಲಿ ಬರೆದಿಡು. ತಣ್ಣಗಿರುವಾಗ ತಡವಾಗಿ ಹಿಡಿದು, ಬಿಸಿಯಾದ ಮೇಲೆ ಸರಿಹೋದರೆ ಒಳಗಿನ ರಬ್ಬರ್ ಸೀಲುಗಳು ವಯಸ್ಸಾಗಿ ಗಟ್ಟಿಯಾಗಿರಬಹುದು. ಬಿಸಿಯಾದಷ್ಟೂ ಹದಗೆಡುತ್ತಾ ಹೋದರೆ ಎಣ್ಣೆ ತೆಳುವಾಗಿ, ಸವೆದ ಜಾಗಗಳಲ್ಲಿ ಒತ್ತಡ ಸೋರಿಹೋಗುತ್ತಿದೆ ಅಂತ ಅನುಮಾನಿಸಬೇಕು. ಈ ಎರಡಕ್ಕೂ ದಾರಿ ಬೇರೆ, ಖರ್ಚೂ ಬೇರೆ. ನಿನ್ನ ಬಾಯಿಂದ ಇಷ್ಟು ವಿವರ ಬಂದರೆ ಒಳ್ಳೆಯ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದ ಹಾಗೆ.

ಒಳಗೆ ಏನು ನಡೆಯುತ್ತದೆ ಅನ್ನುವುದೂ ನಿನಗೆ ಗೊತ್ತಿರಲಿ. ಕ್ಲಚ್ ಪೆಡಲ್ ಇಲ್ಲದ ಈ ಆಟೊಮ್ಯಾಟಿಕ್ ಗಾಡಿಯಲ್ಲಿ ನಿನ್ನ ಎಡಗಾಲಿನ ಕೆಲಸವನ್ನು ಎಣ್ಣೆ ಮಾಡುತ್ತದೆ. ಎಂಜಿನ್ ತಿರುಗಿದರೆ ಗೇರ್‌ಬಾಕ್ಸಿನ ಪಂಪ್ ತಿರುಗುತ್ತದೆ. ಪಂಪು ಒತ್ತಿದ ಎಣ್ಣೆ ವಾಲ್ವ್ ಬಾಡಿಯ ಸಣ್ಣ ಸಣ್ಣ ಕಾಲುವೆಗಳಲ್ಲಿ ಹರಿದು ಕ್ಲಚ್ ಪ್ಲೇಟುಗಳನ್ನು ಅದುಮಿ ಹಿಡಿಸುತ್ತದೆ. ಯಾವ ಕಾಲುವೆ ಯಾವಾಗ ತೆರೆಯಬೇಕು ಅಂತ ಕಂಪ್ಯೂಟರ್ ಹೇಳುತ್ತದೆ, ಸೊಲೆನಾಯ್ಡ್‌ಗಳು ತೆರೆಯುತ್ತವೆ. ಗೇರ್ ತಡವಾಗಿ ಹಿಡಿಯಿತು ಅಂದರೆ ಒತ್ತಡ ತಡವಾಗಿ ತಲುಪಿತು ಅಂತ. ಧಡ್ ಅಂದಿತು ಅಂದರೆ ಹದವಾಗಿ ಏರಬೇಕಾದ ಒತ್ತಡ ಒಮ್ಮೆಲೇ ಬಂತು ಅಂತ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1939ರಲ್ಲಿ ಹೈಡ್ರಾ-ಮ್ಯಾಟಿಕ್ ಹೆಸರಿನಲ್ಲಿ ಇಂಥ ಗೇರ್‌ಬಾಕ್ಸನ್ನು ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಎರಡನೇ ಮಹಾಯುದ್ಧದ ಟ್ಯಾಂಕುಗಳಿಗೂ ಅದನ್ನು ಕೂರಿಸಿದರು. ಅಂದಿನಿಂದ ಕಂಪ್ಯೂಟರ್ ಬಂದಿದೆ, ಗೇರುಗಳು ಹೆಚ್ಚಿವೆ, ಆದರೆ ಎಣ್ಣೆಯ ಒತ್ತಡದಿಂದ ಗೇರ್ ಹಿಡಿಸುವ ಮೂಲ ತತ್ವ ಹಾಗೇ ಇದೆ.

ಹಾಗಾಗಿ ಮೊದಲು ನೋಡಬೇಕಾದದ್ದು ಎಣ್ಣೆ. ಕಡಿಮೆಯಾಗಿದ್ದರೆ ಪಂಪು ಗಾಳಿ ಎಳೆಯುತ್ತದೆ, ಗಾಳಿ ಸೇರಿದ ಎಣ್ಣೆಗೆ ಒತ್ತುವ ಶಕ್ತಿ ಇರುವುದಿಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಎಂಜಿನ್ ಆಯಿಲ್ ನೋಡುವಂಥ ಕಡ್ಡಿ ಗೇರ್‌ಬಾಕ್ಸಿಗೆ ಇರುವುದಿಲ್ಲ. ಸಮತಟ್ಟಾದ ಜಾಗದಲ್ಲಿ ಗಾಡಿ ಎತ್ತಿ, ಎಂಜಿನ್ ಓಡುತ್ತಿರುವಾಗಲೇ, ಎಣ್ಣೆ ಕಂಪನಿ ಹೇಳಿದಷ್ಟು ಬಿಸಿಯಾಗಿದೆ ಅಂತ ಸ್ಕ್ಯಾನರ್‌ನಲ್ಲಿ ಖಾತ್ರಿ ಮಾಡಿಕೊಂಡು, ಲೆವೆಲ್ ಪ್ಲಗ್ ಬಿಚ್ಚಿ ನೋಡಬೇಕು. ನಮ್ಮ ಗಲ್ಲಿಯಂಥ ಇಳಿಜಾರಿನಲ್ಲಿ ನಿಲ್ಲಿಸಿಕೊಂಡು ‘ಆಯಿಲ್ ಸರಿಯಾಗಿದೆ’ ಅಂದರೆ ನಂಬಬೇಡ. ಪ್ಲಗ್ ಬಿಚ್ಚುವಾಗ ನೀನೂ ಪಕ್ಕದಲ್ಲಿರು. ಎರಡು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿಕೋ. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗಿರುತ್ತದೆ, ಓಡಿದ ಮೇಲೆ ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಬೆಂದಿವೆ. ಹಾಲು ಬೆರೆಸಿದ ಹಾಗೆ ಗುಲಾಬಿ ಬಣ್ಣವಿದ್ದರೆ ರೇಡಿಯೇಟರ್ ನೀರೋ ಮಳೆನೀರೋ ಒಳಗೆ ಸೇರಿದೆ. ಆಗ ಗಾಡಿಯನ್ನು ಅಲ್ಲಿಂದ ಓಡಿಸಬೇಡ, ನೀರು ತಗುಲಿದರೆ ಪ್ಲೇಟಿಗೆ ಅಂಟಿಸಿದ ಪದರ ಕಳಚಿಬರುತ್ತದೆ. ಗೇರ್‌ಬಾಕ್ಸಿನ ಕೆಳಗಿನ ಎಣ್ಣೆ ಚೇಂಬರ್ ಬಿಚ್ಚಿಸಿದರೆ ಒಳಗಿನ ಅಯಸ್ಕಾಂತವನ್ನು ನೋಡು. ನುಣ್ಣನೆಯ ಬೂದು ಲೇಪ ಸಹಜ. ಮಿಂಚುವ ಲೋಹದ ಚೂರುಗಳು ಸಿಕ್ಕರೆ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಬೆಲೆ ಬರುತ್ತದೆ.

ಯಾವ ಎಣ್ಣೆ ಹಾಕುತ್ತಾರೆ ಅನ್ನುವುದರಲ್ಲಂತೂ ರಾಜಿ ಮಾಡಿಕೊಳ್ಳಬೇಡ. ಪ್ಲೇಟುಗಳು ಎಷ್ಟು ಜಾರಬೇಕು, ಎಲ್ಲಿ ಕಚ್ಚಬೇಕು ಅನ್ನುವುದನ್ನು ಎಣ್ಣೆಯಲ್ಲಿ ಬೆರೆಸಿದ ವಸ್ತುಗಳು ತೀರ್ಮಾನಿಸುತ್ತವೆ. ಒಂದು ಕಾಲದಲ್ಲಿ ಅಮೆರಿಕದಲ್ಲಿ ಇದಕ್ಕಾಗಿ ತಿಮಿಂಗಿಲದ ಎಣ್ಣೆಯನ್ನೇ ಬೆರೆಸುತ್ತಿದ್ದರು. 1970ರ ದಶಕದಲ್ಲಿ ಆ ಜೀವಿಯನ್ನು ಉಳಿಸಲು ಕಾನೂನು ಬಂದ ಮೇಲೆ ಎಣ್ಣೆಯ ಪಾಕವನ್ನೇ ಹೊಸದಾಗಿ ಕಂಡುಕೊಳ್ಳಬೇಕಾಯಿತು. ಈಚೆಗೆ ಜನರಲ್ ಮೋಟರ್ಸ್‌ನ ಎಂಟು ಗೇರಿನ ಪಿಕಪ್‌ಗಳು ಓಡುವಾಗ ನಡುಗುತ್ತಿದ್ದವು. ಎಣ್ಣೆ ತೇವ ಹೀರಿಕೊಳ್ಳುವುದೇ ಕಾರಣ ಅಂತ ಕಂಡುಕೊಂಡ ಕಂಪನಿ, ಹಳೆಯದನ್ನು ತೆಗೆದು ಬೇರೆ ಬಗೆಯ ಎಣ್ಣೆ ತುಂಬಲು ತನ್ನ ವರ್ಕ್‌ಶಾಪುಗಳಿಗೆ ಹೇಳಿತು. ಕೆಂಪಗಿದೆ ಅಂತ ಸಿಕ್ಕಿದ್ದನ್ನು ಸುರಿಯುವ ಪದಾರ್ಥವಲ್ಲ ಇದು. ಓನರ್ಸ್ ಮ್ಯಾನುಯಲ್‌ನಲ್ಲಿ ಯಾವ ಹೆಸರಿದೆಯೋ ಅದೇ ಡಬ್ಬ, ನಿನ್ನ ಕಣ್ಣೆದುರು ಸೀಲ್ ಒಡೆದದ್ದು. ‘ಇದು ಲೈಫ್‌ಟೈಮ್ ಆಯಿಲ್, ಬದಲಿಸುವುದೇ ಬೇಡ’ ಅನ್ನುವವರೂ ಸಿಗುತ್ತಾರೆ. ಭಾರ ಹೊತ್ತು ಶಿರಾಡಿ ಘಾಟ್ ಹತ್ತುವ ಗಾಡಿಗೆ ಆ ಮಾತು ಹೊಂದುವುದಿಲ್ಲ. ಹಾಗಂತ ಕಪ್ಪಾದ ಎಣ್ಣೆಯನ್ನು ಮೆಷಿನ್ ಹಚ್ಚಿ ಒತ್ತಡದಲ್ಲಿ ತೊಳೆಸಲೂ ಹೋಗಬೇಡ. ಇಳಿಸಿ, ತುಂಬಿ, ಸ್ವಲ್ಪ ದಿನ ಓಡಿಸಿ, ಮತ್ತೆ ಇಳಿಸಿ ತುಂಬುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಎಣ್ಣೆ ಸರಿಯಿದ್ದರೆ ಗಾಡಿಯ ಹಿಂದಕ್ಕೆ ಬಾ. ಕಾರಿಗಿಂತ ಪಿಕಪ್ ಇಲ್ಲೇ ಬೇರೆ. ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ ಹೌಸಿಂಗ್‌ವರೆಗೆ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಇದೆ. ಅದರ ತುದಿಯ ಕೀಲಾದ ಕ್ರಾಸ್ ಸವೆದರೂ, ಜಾರುವ ಹಲ್ಲುಗಳಲ್ಲಿ ಗ್ರೀಸ್ ಒಣಗಿದರೂ, ಗೇರ್‌ಬಾಕ್ಸ್ ಮೌಂಟಿಂಗ್ ಹರಿದರೂ ಅದೇ ಧಡ್ ಸದ್ದು ಬರುತ್ತದೆ. ತಾವರೆಕೆರೆ ಕಡೆಯ ಹುಡುಗನೊಬ್ಬ ಒಂದು ಡಬಲ್ ಕ್ಯಾಬ್ ಪಿಕಪ್ ತಂದಿದ್ದ, ಸಿಗ್ನಲ್‌ನಲ್ಲಿ ನಿಂತಾಗಲೊಮ್ಮೆ, ಹೊರಟಾಗಲೊಮ್ಮೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ. ಕೆಳಗೆ ಮಲಗಿ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುವಿದೆ, ಕ್ರಾಸ್ ಗಟ್ಟಿಯಿತ್ತು. ಜಾರುವ ಹಲ್ಲುಗಳ ಗ್ರೀಸ್ ನಿಪ್ಪಲ್ ಮಣ್ಣು ಮೆತ್ತಿಕೊಂಡು ಮುಚ್ಚಿಹೋಗಿತ್ತು. ಉಜ್ಜಿ, ಗನ್ ಹಿಡಿದು ಒತ್ತಿದರೆ ಮೊದಲು ತುಕ್ಕಿನ ಕೆಂಪು ಪುಡಿ, ಆಮೇಲೆ ಹಳೆಯ ಕಪ್ಪು ಗ್ರೀಸ್, ಕೊನೆಗೆ ಹೊಸದು ಹೊರಬಂತು. ಸದ್ದು ನಿಂತಿತು. ಆ ಹುಡುಗನಿಗೂ ಬೇರೆಲ್ಲೋ ಗೇರ್‌ಬಾಕ್ಸ್ ಇಳಿಸುವ ಲೆಕ್ಕ ಕೊಟ್ಟಿದ್ದರು.

ಬ್ಯಾಟರಿಯನ್ನೂ ಮರೆಯಬೇಡ. ಪ್ಲೇಟು ಸವೆದಂತೆಲ್ಲ ಕಂಪ್ಯೂಟರ್ ತನ್ನ ಲೆಕ್ಕ ತಿದ್ದಿಕೊಳ್ಳುತ್ತಾ ಬಂದಿರುತ್ತದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿದರೆ ಆ ಕಲಿಕೆ ಅಳಿಸಿಹೋಗಿ ಕೆಲವು ದಿನ ಜರ್ಕ್ ಹೊಡೆಯುತ್ತದೆ. ಈಚೆಗೆ ಯಾರಾದರೂ ಬ್ಯಾಟರಿ ಬದಲಿಸಿದ್ದರೆ ಅದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳು. ಸ್ಕ್ಯಾನ್ ಮಾಡಿಸಿದಾಗ ಬಂದ ಕೋಡ್‌ಗಳನ್ನು ಬರೆಸಿಕೋ, ಬರೀ ‘ಎರರ್ ಇದೆ’ ಅನ್ನುವ ಮಾತಿಗೆ ದುಡ್ಡು ಕೊಡಬೇಡ.

ನಮ್ಮ ಮೆಕ್ಯಾನಿಕ್‌ಗಳನ್ನು ನಾನು ಹಳಿಯುತ್ತಿಲ್ಲ. ನಮ್ಮ ಕಡೆ ಮೊದಲಿನಿಂದಲೂ ಮ್ಯಾನುಯಲ್ ಗಾಡಿಗಳದ್ದೇ ಕಾಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಆಟೊ ಪಾರ್ಟ್ಸ್ ಕಾರ್ಖಾನೆ 2004ರಿಂದ ಹೊರದೇಶಗಳಿಗೆ ಕಳಿಸುತ್ತಾ ಬಂದದ್ದೂ ಮ್ಯಾನುಯಲ್ ಗೇರ್‌ಬಾಕ್ಸನ್ನೇ. ಮಾರ್ಕೆಟ್ಟಿಗೆ ಸರಕು ಹೊರುವ ಪಿಕಪ್‌ಗಳು ಇವತ್ತಿಗೂ ಬಹುಪಾಲು ಮ್ಯಾನುಯಲ್. ಆಟೊಮ್ಯಾಟಿಕ್ ಪಿಕಪ್ ಅಂದರೆ ಇಸುಜು ವಿ-ಕ್ರಾಸ್, 2022ರಲ್ಲಿ ಬಂದ ಹೈಲಕ್ಸ್, ಹೀಗೆ ಬೆರಳೆಣಿಕೆಯವು. ನಮ್ಮ ಕೈಗಳು ಪಳಗಿದ್ದು ಬೇರೆ ಬಗೆಯ ಕೆಲಸದಲ್ಲಿ. ಹಾಗಾಗಿ ಆಟೊಮ್ಯಾಟಿಕ್ ಬಿಚ್ಚಿ ಜೋಡಿಸಿ ಅನುಭವವಿರುವವರನ್ನು ಹುಡುಕಿ, ಎರಡನೇ ಅಭಿಪ್ರಾಯ ಕೇಳು.

ಇನ್ನು ನಿನ್ನ ಕೈಯಲ್ಲೇ ಇರುವುದು ಓಡಿಸುವ ರೀತಿ. ಕ್ರೈಸ್ಟ್ ಕಾಲೇಜು ಬಿಡುವ ಹೊತ್ತಿಗೆ ನಮ್ಮ ರಸ್ತೆಯಲ್ಲಿ ಗಾಡಿ ತಿರುಗಿಸಲು ನೀನು ಪರದಾಡುವುದನ್ನು ಕಂಡಿದ್ದೇನೆ. ಹಿಂದಕ್ಕೆ ಇನ್ನೂ ಉರುಳುತ್ತಿರುವಾಗಲೇ ‘ಡಿ’ಗೆ ಎಳೆಯುತ್ತೀಯ. ಎರಡು ಟನ್ ಹತ್ತಿರದ ತೂಕವನ್ನು ಆಗ ಆ ತೆಳು ಪ್ಲೇಟುಗಳು ತಡೆಯಬೇಕು. ಪೂರ್ತಿ ನಿಲ್ಲಿಸು, ಗೇರ್ ಹಿಡಿದದ್ದು ಕೈಗೆ ತಿಳಿಯಲಿ, ಆಮೇಲೆ ಆಕ್ಸಲರೇಟರ್ ಒತ್ತು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ಒತ್ತಿ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯ ಭಾರ ಅದರ ಮೇಲೆ ಕೂತ ನಂತರವೇ ‘ಪಿ’ಗೆ ಹಾಕು. ಘಾಟಿಯಲ್ಲಿ ಕೆಟ್ಟು ನಿಂತರೆ, ಹಿಂದಿನ ಚಕ್ರ ನೆಲದಲ್ಲಿ ಉರುಳುವ ಹಾಗೆ ಹಗ್ಗ ಕಟ್ಟಿ ಎಳೆಸಬೇಡ. ಎಂಜಿನ್ ನಿಂತಿದ್ದರೆ ಪಂಪೂ ನಿಂತಿರುತ್ತದೆ, ಎಣ್ಣೆಯಿಲ್ಲದೆ ಒಳಗಿನದೆಲ್ಲ ಉಜ್ಜಿಹೋಗುತ್ತದೆ. ಫ್ಲ್ಯಾಟ್‌ಬೆಡ್ ಬರುವವರೆಗೂ ಕಾಯಿ.

ಒಂದಕ್ಕೆ ಮಾತ್ರ ತಡ ಮಾಡಬೇಡ. ಎಂಜಿನ್ ಜೋರಾಗಿ ಕೂಗುತ್ತಾ ಗಾಡಿ ಮುಂದಕ್ಕೆ ಹೋಗದಿದ್ದರೆ ಪ್ಲೇಟುಗಳು ಜಾರುತ್ತಿವೆ ಅಂತಲೇ ಅರ್ಥ. ಅಂದಿನ ಬಾಡಿಗೆ, ಆರ್ಡರ್ ಏನಿದ್ದರೂ ಬಿಟ್ಟು ಅಲ್ಲೇ ನಿಲ್ಲಿಸು. ಆ ಸ್ಥಿತಿಯಲ್ಲಿ ಓಡಿಸಿದ ಒಂದೊಂದು ಮೈಲಿಯೂ ಪ್ಲೇಟಿನ ಖರ್ಚನ್ನು ಡ್ರಮ್‌ನವರೆಗೆ, ವಾಲ್ವ್ ಬಾಡಿಯವರೆಗೆ ಬೆಳೆಸುತ್ತದೆ. ಆಗ ಇಳಿಸಲೇಬೇಕು ಅಂತ ನಾನೂ ಹೇಳುತ್ತೇನೆ, ಮುಂದೆ ನಿಂತು ಇಳಿಸುತ್ತೇನೆ.

ನೀನು ಹೇಳಿದ್ದನ್ನು ಕೇಳಿದರೆ ಅಲ್ಲಿಯವರೆಗೆ ಹೋಗಿಲ್ಲ ಅನ್ನಿಸುತ್ತದೆ. ಶನಿವಾರ ರಾತ್ರಿಯೇ ಗಾಡಿ ತಂದು ನಮ್ಮ ಮನೆ ಮುಂದೆ ನಿಲ್ಲಿಸಿ, ಊಟ ಮಾಡಿಕೊಂಡು ಇಲ್ಲೇ ಮಲಗು. ಅಕ್ಕನಿಗೆ ನಾನೇ ಫೋನ್ ಮಾಡುತ್ತೇನೆ. ಭಾನುವಾರ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಮೊದಲ ಸ್ಟಾರ್ಟ್ ನಾನು ಪಕ್ಕದಲ್ಲಿ ಕೂತು ನೋಡಬೇಕು. ಬರುವಾಗ ಆ ಚೀಟಿ, ಮ್ಯಾನುಯಲ್ ಪುಸ್ತಕ, ಹಳೆಯ ಓನರ್ ಕೊಟ್ಟ ಸರ್ವಿಸ್ ಬಿಲ್‌ಗಳು ಮೂರನ್ನೂ ತಾ.